ಎಲೆಯೊಳಗಿನ ಹುಳು

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದೆ. ಆಗಸ್ಟ್ ತಿಂಗಳು. ಹತ್ತಿರದ ಪಾರ್ಕಿನಲ್ಲಿ ಉಳಿದ ಮರಗಳೆಲ್ಲ ಹಸಿರಾಗಿದ್ದರೆ, ಸಾಲಾಗಿ ನಿಂತ ಹಾರ್ಸ್ ಚೆಸ್ಟ್‌ನಟ್ ಮರಗಳು ಮಾತ್ರ ಬೆಂಕಿ ತಗುಲಿದಂತೆ ಕಂದಿದ್ದವು. 'ಎಲೆ ಉದುರುವ ಕಾಲ ಇಷ್ಟು ಬೇಗ ಬಂತೇ?' ಎಂದೆ. ಎಂಟು ವರ್ಷದ ಮೊಮ್ಮಗ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದ. 'ಅಜ್ಜ, ಒಳಗೆ ನೋಡು.' ಕಂದು ಮಚ್ಚೆಯಲ್ಲಿ, ಎಲೆಯ ಮೇಲ್ಪದರ ಕೆಳಪದರಗಳ ನಡುವೆ, ಚಪ್ಪಟೆಯಾದ ಪುಟ್ಟ ಹುಳುವೊಂದು ಮಿಸುಕುತ್ತಿತ್ತು.

ಅದರ ಕಥೆಯನ್ನು ರಾತ್ರಿ ಊಟದ ಹೊತ್ತಿಗೆ ಮಗಳು ಹೇಳಿದಳು. ಅದು ಕ್ಯಾಮೆರೇರಿಯಾ ಒಹ್ರಿಡೆಲ್ಲಾ ಎಂಬ ಪತಂಗದ ಮರಿ. ಬೆಳೆದ ಪತಂಗದ ಉದ್ದ ಸುಮಾರು 5 ಮಿಲಿಮೀಟರ್, ಅಷ್ಟೆ. ಎಲೆಯ ಮೇಲಿಟ್ಟ ಮೊಟ್ಟೆ ಒಡೆದರೆ ಮರಿ ಒಳಹೊಕ್ಕು, ಹಸಿರನ್ನು ತಿನ್ನುತ್ತ ಸುರಂಗ ತೋಡುತ್ತದೆ. ಚಳಿಗಾಲವನ್ನು ಉದುರಿದ ಎಲೆಯೊಳಗೇ ಕೋಶವಾಗಿ ಕಳೆಯುತ್ತದೆ. ಅದಕ್ಕೇ ಅಲ್ಲಿ ತರಗೆಲೆ ಗುಡಿಸಿ ತೆಗೆಯುತ್ತಾರೆ. ಮರ ಸಾಮಾನ್ಯವಾಗಿ ಸಾಯುವುದಿಲ್ಲ. ಬೀಜ ಮಾತ್ರ ಸಣ್ಣದಾಗುತ್ತದೆ.

ಈಗಿನ ಉತ್ತರ ಮ್ಯಾಸಿಡೋನಿಯಾದ ಒಹ್ರಿಡ್ ಸರೋವರದ ಬಳಿ ಕಂಡ ಈ ಪತಂಗಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1986ರಲ್ಲಿ. 1989ರಲ್ಲಿ ಆಸ್ಟ್ರಿಯದಲ್ಲಿ, 2002ರಲ್ಲಿ ಲಂಡನ್ನಿನಲ್ಲಿ ಕಾಣಿಸಿತು. ಇದರ ಮೂಲ ಊರು ಯಾವುದೆಂದು ಬಹಳ ಚರ್ಚೆ ನಡೆಯಿತು. ಉತ್ತರ ಸಿಕ್ಕಿದ್ದು ಹಳೆಯ ಕಾಗದಗಳ ನಡುವೆ! ಸಸ್ಯಶಾಸ್ತ್ರಜ್ಞರು 1879ರಲ್ಲಿ ಗ್ರೀಸ್‌ನಲ್ಲಿ ಸಂಗ್ರಹಿಸಿ ಒಣಗಿಸಿಟ್ಟ ಎಲೆಗಳಲ್ಲೇ ಈ ಹುಳುಗಳು ಇದ್ದವು. 2011ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ನೂರು ವರ್ಷಕ್ಕೂ ಮೀರಿ ಸಾಕ್ಷಿ ಕಪಾಟಿನಲ್ಲೇ ಕುಳಿತಿತ್ತು.

'ಎಲೆ ಒಣಗಿಸಿಡುವುದು ದಂಡವಲ್ಲ ಅಪ್ಪ' ಎಂದು ನಕ್ಕಳು ಮಗಳು. ನನಗೆ ತುತ್ತು ಇಳಿಯಲಿಲ್ಲ. ಅವಳು ಹತ್ತನೇ ತರಗತಿಯಲ್ಲಿದ್ದಾಗ ಎರಡು ದಪ್ಪ ನೋಟ್‌ಬುಕ್ಕಿನ ತುಂಬ ಎಲೆ ಅಂಟಿಸಿದ್ದಳು. 'ಪರೀಕ್ಷೆಯಲ್ಲಿ ಇದು ಬರುತ್ತದೆಯೇ?' ಎಂದು ಗದರಿ, ಅವನ್ನು ಹಳೆ ಪೇಪರಿನವನಿಗೆ ತೂಕಕ್ಕೆ ಹಾಕಿದವನು ನಾನೇ. ಅವಳು ಅಂದು ಅಳಲಿಲ್ಲ. ಒಳ್ಳೆಯ ಅಂಕ ತೆಗೆದಳು, ಬ್ಯಾಂಕು ಸೇರಿದಳು. ಮತ್ತೆಂದೂ ಎಲೆ ಕೂಡಿಡಲಿಲ್ಲ.

'ಆ ಪುಸ್ತಕ ನೆನಪಿದೆಯೇನಮ್ಮ?' ಎಂದೆ. 'ನಲವತ್ತೆರಡು ಎಲೆ ಇದ್ದವು' ಎಂದಳು, ತಟ್ಟೆಯಿಂದ ತಲೆ ಎತ್ತದೆ.

ಮರುದಿನ ಮೊಮ್ಮಗ ಆ ಎಲೆಯನ್ನು ನಿಘಂಟಿನ ನಡುವೆ ಇಡುತ್ತಿದ್ದ. 'ಹಾಗೇ ಇಡಬೇಡ, ತಾರೀಖು, ಜಾಗ ಬರೆದಿಡು. ಅವಿಲ್ಲದಿದ್ದರೆ ಸಾಕ್ಷಿಯಾಗುವುದಿಲ್ಲ' ಎಂದು ಚೀಟಿ ಕೊಟ್ಟೆ. ನಿಮ್ಮ ಮನೆಯಲ್ಲೂ ಮಕ್ಕಳು ಎಲೆ, ಗರಿ, ಕಲ್ಲು ಕೂಡಿಟ್ಟಿರಬಹುದು. ಪರೀಕ್ಷೆ ಬರುತ್ತದೆ, ಹೋಗುತ್ತದೆ. ಆ ಪೆಟ್ಟಿಗೆ ಅಲ್ಲೇ ಇರಲಿ.