ಕಾಲು ಉಳುಕಿದರೂ ಬೇಕೆನಿಸುವ ಕಾಲೇಜು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮಂಥ ಹಳ್ಳಿ ಹೈಸ್ಕೂಲಿನ ಮೇಷ್ಟರುಗಳಿಗೆ ದಿಢೀರನೆ ಬೆಲೆ ಬಂದುಬಿಡುತ್ತದೆ. ವರ್ಷವೆಲ್ಲ ಪೋಷಕರ ಸಭೆಗೆ ಮುಖ ತೋರಿಸದವರೂ ಅಂಕಪಟ್ಟಿ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. 'ಸೈನ್ಸೋ ಕಾಮರ್ಸೋ ಸಾ?' ಎಂಬುದು ಹಳೆಯ ಪ್ರಶ್ನೆ. ಈಚೆಗೆ ಇನ್ನೊಂದು ಸೇರಿಕೊಂಡಿದೆ: 'ಆಟದ ಕಾಲೇಜೋ, ಓದಿನ ಕಾಲೇಜೋ?'

ಮೈಸೂರು ಜಿಲ್ಲೆಯ ನಮ್ಮ ಕಡೆ ಹೆಣ್ಣುಮಕ್ಕಳ ಆಟವೆಂದರೆ ಖೋ ಖೋ. ಬೂಟು ಬೇಡ, ಬ್ಯಾಟು ಬೇಡ, ಎರಡು ಕಂಬ ನೆಟ್ಟರೆ ಮೈದಾನ ಸಿದ್ಧ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅದಾದ ಮೇಲೆ, 'ಹೆಣ್ಣುಮಗ ಹಿಂಗೆ ಓಡದೇನು' ಎಂದು ಗೊಣಗುತ್ತಿದ್ದ ಅಜ್ಜಿಯರೇ ಮೊಮ್ಮಗಳ ಟ್ರ್ಯಾಕ್ ಪ್ಯಾಂಟು ಒಗೆದು ಬೇಲಿಯ ಮೇಲೆ ಒಣಹಾಕುವುದನ್ನು ಕಂಡಿದ್ದೇನೆ. ಕಾಲೇಜುಗಳೇನು ಕಣ್ಣುಮುಚ್ಚಿ ಕುಳಿತಿರುತ್ತವೆಯೇ? ಚೆನ್ನಾಗಿ ಆಡುವ ಮಕ್ಕಳನ್ನು ಹುಡುಕಿಕೊಂಡು ಅವೇ ಬರುತ್ತವೆ.

ಆ ವರ್ಷ ನಮ್ಮ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯೊಬ್ಬಳಿಗೂ ಹಾಗೆಯೇ ಕರೆ ಬಂತು. 625ಕ್ಕೆ 547 ಅಂಕ. ಹದಿನೇಳರ ಒಳಗಿನವರ ತಂಡದಲ್ಲಿ ರಾಜ್ಯ ಮಟ್ಟದವರೆಗೂ ಆಡಿದ್ದಳು. ತಂದೆಗೆ ಒಂದೆಕರೆ ಜಮೀನು, ಉಳಿದ ದಿನ ಗಾರೆ ಕೆಲಸ. ದೂರದ ಊರಿನ ಕಾಲೇಜೊಂದು ಸೀಟು, ಹಾಸ್ಟೆಲ್, ಊಟ, ಬಟ್ಟೆ, ಬೂಟು ಎಲ್ಲವನ್ನೂ ಪುಕ್ಕಟೆ ಕೊಡುತ್ತೇವೆಂದು ಹೇಳಿತ್ತು.

'ನಮ್ಗೆ ಒಂದ್ ರೂಪಾಯಿ ಖರ್ಚಿಲ್ಲ ಸಾ. ಆದ್ರೆ ಸೈನ್ಸ್ ಬ್ಯಾಡ, ಕಾಮರ್ಸ್ ತಗಳ್ಳಿ ಅಂತವ್ರೆ' ಎಂದರು ಅವಳ ತಂದೆ.

ಹುಡುಗಿಗೆ ಬೇಕಾಗಿದ್ದದ್ದು ವಿಜ್ಞಾನ. ರಾಜ್ಯ ಮಟ್ಟದ ಪಂದ್ಯಕ್ಕೆ ಹೋದಾಗ ಆಟಗಾರ್ತಿಯರ ಕಾಲಿಗೆ ಪಟ್ಟಿ ಸುತ್ತಿ, ಮಂಡಿ ನೀವಿ, ಮತ್ತೆ ಎಬ್ಬಿಸಿ ನಿಲ್ಲಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ನೋಡಿ ಬಂದಿದ್ದಳು. ತಾನೂ ಅದೇ ಆಗಬೇಕೆಂದು ಅವಳ ಆಸೆ. ಅದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಓದಲೇಬೇಕು. ಇಲ್ಲೊಂದು ಏಕಮುಖ ಸಂಚಾರವಿದೆ. ಪಿಯುಸಿ ವಿಜ್ಞಾನ ಮುಗಿಸಿದವರು ಮುಂದೆ ಬಿಎ, ಬಿಕಾಂ ಯಾವುದಕ್ಕಾದರೂ ಹೋಗಬಹುದು. ಕಾಮರ್ಸ್ ಓದಿದವರು ಫಿಸಿಯೋಥೆರಪಿಯ ಕಡೆ ತಿರುಗಬೇಕೆಂದರೆ ಪಿಯುಸಿಯನ್ನೇ ಮತ್ತೆ ಓದಬೇಕಾದೀತು. ಹದಿನಾರನೆಯ ವಯಸ್ಸಿನಲ್ಲಿ, ಊಟ ಪುಕ್ಕಟೆ ಎಂಬ ಒಂದೇ ಕಾರಣಕ್ಕೆ ಆ ಬಾಗಿಲು ಮುಚ್ಚಿಹೋಗುವುದಿತ್ತು. ಹಾಗೆಂದು ಊಟವನ್ನು ಹಗುರವಾಗಿ ಕಾಣುವವನು ನಾನಲ್ಲ. ಗಾರೆ ಕೆಲಸದವರ ಮನೆಯಲ್ಲಿ ಎರಡು ವರ್ಷದ ಊಟವೆಂದರೆ ಸಣ್ಣ ಲೆಕ್ಕವೇ?

ಇನ್ನೆರಡು ದಾರಿಗಳೂ ಇದ್ದವು. ಒಂದು, ಬೆಳಿಗ್ಗೆ ಏಳಕ್ಕೆ ಕೂರಿಸಿ ರಾತ್ರಿ ಒಂಬತ್ತಕ್ಕೆ ಏಳಿಸುವ ಸಿಇಟಿ, ನೀಟ್ ಕಾಲೇಜು. ಅಲ್ಲಿ ಮೈದಾನ ಎಂದು ತೋರಿಸಿದ್ದು ಬಸ್ಸುಗಳು ನಿಲ್ಲುವ ಜಾಗ! ಇನ್ನೊಂದು, ಹತ್ತಿರದ ಸರ್ಕಾರಿ ಕಾಲೇಜು. ಒಳ್ಳೆಯ ಉಪನ್ಯಾಸಕರು, ಕಡಿಮೆ ಶುಲ್ಕ. ಆದರೆ ಆಡಿಸುವವರು ಇರಲಿಲ್ಲ.

ಇಂಥ ಮಾತು ಬಂದಾಗಲೆಲ್ಲ ತಂದೆತಾಯಂದಿರು ಅನಿಲ್ ಕುಂಬ್ಳೆಯವರ ಹೆಸರು ತೆಗೆಯುತ್ತಾರೆ. ನಿಜ, 1990ರಲ್ಲಿ ಮೊದಲ ಟೆಸ್ಟ್ ಆಡುವಾಗ ಅವರಿಗೆ ಇನ್ನೂ ಹತ್ತೊಂಬತ್ತು ವರ್ಷ. ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಯನ್ನೂ ಪಡೆದರು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಕೂಡ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್ ಓದಿದವರೇ. ಆದರೆ ಊರು, ಕಾಲೇಜು, ಮೈದಾನ ಎಲ್ಲವೂ ಒಂದೇ ನಗರದಲ್ಲಿರುವುದು ಬೇರೆ, ಹದಿನಾರರ ಹುಡುಗಿ ಟ್ರಂಕು ಹೊತ್ತು ಇನ್ನೊಂದು ಜಿಲ್ಲೆಯ ಹಾಸ್ಟೆಲಿಗೆ ಹೋಗುವುದು ಬೇರೆ.

ಒಂದು ಭಾನುವಾರ ನಾವು ಮೂವರೂ ಬಸ್ಸು ಹಿಡಿದು, ಕರೆ ಬಂದಿದ್ದ ಕಾಲೇಜನ್ನು ನೋಡಿ ಬರುವುದೆಂದಾಯಿತು. ಅಷ್ಟರಲ್ಲಿ, ನೀವು ನಗಬಹುದು, ನನಗೆ ಅಮೆರಿಕದಿಂದ ಸಲಹೆಯೊಂದು ಬಂತು. ನನ್ನ ಅಕ್ಕನ ಮೊಮ್ಮಗಳು ಟೆಕ್ಸಾಸಿನಲ್ಲಿದ್ದಾಳೆ. ಅಲ್ಲಿ ಸಾಫ್ಟ್‌ಬಾಲ್ ಆಡುತ್ತಾಳೆ. ಬೇಸ್‌ಬಾಲಿನ ತಂಗಿಯಂಥ ಆಟ ಅದು, ಚೆಂಡು ಸ್ವಲ್ಪ ದೊಡ್ಡದು, ತೋಳನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಅಲ್ಲಿಯೂ ಕಾಲೇಜುಗಳ ತರಬೇತುದಾರರು ಹೈಸ್ಕೂಲು ಹುಡುಗಿಯರನ್ನು ಆರಿಸಿಕೊಳ್ಳುತ್ತಾರೆ. ಎನ್‌ಸಿಎಎ ಎಂಬ ಸಂಸ್ಥೆ ಕಾಲೇಜುಗಳನ್ನು ಮೂರು ವಿಭಾಗ ಮಾಡಿದೆ. ಮೂರನೆಯ ವಿಭಾಗದಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ. ಮೊದಲನೆಯ ವಿಭಾಗದಲ್ಲಿ ಕೊಡುತ್ತಾರೆ, ಆದರೆ ಆಟದ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ, ಪಂದ್ಯಕ್ಕೆ ಹಚ್ಚಬಾರದೆಂಬ ನಿಯಮವಿದೆ. 'ಹಾಗಾದರೆ ನೀನು ಹೇಗಮ್ಮ ಆರಿಸುತ್ತೀಯ?' ಎಂದು ಫೋನಿನಲ್ಲಿ ಕೇಳಿದೆ.

'ಮೊದಲನೇ ವಾರವೇ ಕಾಲು ಮುರಿದುಹೋಯ್ತು ಅಂದ್ಕೋ ತಾತ. ಆಮೇಲೂ ಆ ಕಾಲೇಜಲ್ಲಿ ನಾಲ್ಕು ವರ್ಷ ಇರೋಕೆ ಇಷ್ಟ ಇದ್ಯಾ ಅಂತ ಕೇಳ್ಕೋಬೇಕಂತೆ. ಇಲ್ಲಿ ಎಲ್ರೂ ಹಾಗೇ ಹೇಳ್ತಾರೆ' ಎಂದಳು.

ಅಪಶಕುನದ ಮಾತೆಂದು ನನ್ನ ಹೆಂಡತಿ ಮುಖ ಗಂಟಿಕ್ಕಿದಳು. ನನಗೆ ಮಾತ್ರ ಅದಕ್ಕಿಂತ ಒಳ್ಳೆಯ ಪ್ರಶ್ನೆ ಹೊಳೆಯಲಿಲ್ಲ. ಕುಳಿತಲ್ಲಿಂದ ಚಿಮ್ಮಿ ಎದ್ದು ಓಡುವುದು, ಕಂಬ ಹಿಡಿದು ಗಿರಕ್ಕನೆ ತಿರುಗುವುದು, ಮುಂದಕ್ಕೆ ಹಾರಿ ಬೀಳುವುದು ಖೋ ಖೋ ಆಟದ ಸೊಬಗು. ಮಂಡಿಗೆ ಕಂಟಕವೂ ಅದೇ. ಹೀಗೆ ಗಕ್ಕನೆ ನಿಂತು ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಶಸ್ತ್ರಚಿಕಿತ್ಸೆಯಾಗಿ ಮತ್ತೆ ಮೈದಾನಕ್ಕಿಳಿಯಲು ಒಂಬತ್ತು ತಿಂಗಳಾದರೂ ಬೇಕು. ಅಂದರೆ ಹೆಚ್ಚುಕಡಿಮೆ ಪಿಯುಸಿಯ ಒಂದು ವರ್ಷ ಪೂರ್ತಿ.

ಕಾಲೇಜಿನಲ್ಲಿ ನಮ್ಮನ್ನು ಚೆನ್ನಾಗಿಯೇ ನೋಡಿಕೊಂಡರು. ಕಾಫಿ ಕೊಟ್ಟರು, ಗಾಜಿನ ಬೀರುವಿನ ತುಂಬ ಇದ್ದ ಕಪ್ಪುಗಳನ್ನು ತೋರಿಸಿದರು. ನಾನು ಪ್ರಯೋಗಾಲಯ ತೋರಿಸಿ ಎಂದೆ. ಬೀಗದ ಕೈ ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ಆಡುವವರಿಗೆ ವಿಜ್ಞಾನ ಏಕೆ ಕೊಡುವುದಿಲ್ಲವೆಂದರೆ, ಪ್ರಾಕ್ಟಿಕಲ್ಸ್ ಇರುವುದು ಮಧ್ಯಾಹ್ನ, ಅಭ್ಯಾಸ ಶುರುವಾಗುವುದೂ ಆಗಲೇ. ವಿಜ್ಞಾನದ ಒಂದೊಂದು ವಿಷಯದಲ್ಲೂ ನೂರಕ್ಕೆ ಮೂವತ್ತು ಅಂಕ ಪ್ರಾಕ್ಟಿಕಲ್ಸಿನದು, ಅದನ್ನು ರಾತ್ರಿ ನೋಟ್ಸ್ ಬರೆದುಕೊಂಡು ತುಂಬಿಸಲಾಗದು. ಅವರು ಕಾರಣವನ್ನು ಮುಚ್ಚಿಡದೆ ಹೇಳಿದರು, ಅದಕ್ಕೆ ನನ್ನ ತಕರಾರಿಲ್ಲ. ಪರೀಕ್ಷೆಗೆ ಕೂರಲು ಶೇಕಡ 75ರ ಹಾಜರಾತಿ ಬೇಕಲ್ಲ, ಪಂದ್ಯಕ್ಕೆ ಹೋದ ದಿನಗಳನ್ನು ಹೇಗೆ ಲೆಕ್ಕ ಹಿಡಿಯುತ್ತೀರಿ, ಬರವಣಿಗೆಯಲ್ಲಿ ಕೊಡುತ್ತೀರಾ ಎಂದಾಗ ಮಾತ್ರ, 'ಅದೆಲ್ಲ ಅಡ್ಜಸ್ಟ್ ಮಾಡ್ತೀವಿ ಸರ್' ಎಂದರು. ಅಡ್ಜಸ್ಟ್ ಎಂಬ ಪದ ಕೇಳಿದರೆ ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವನಿಗೆ ಸ್ವಲ್ಪ ದಿಗಿಲು.

ಹೆಚ್ಚಿನ ವಿಷಯ ತಿಳಿದದ್ದು ಹಾಸ್ಟೆಲಿನಲ್ಲಿ. ಬೆಳಿಗ್ಗೆ ಐದಕ್ಕೆ ಏಳಬೇಕು, ಓದು ಮುಗಿದು ದೀಪ ಆರುವುದು ಹನ್ನೊಂದಕ್ಕೆ. ಈ ವಯಸ್ಸಿನ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಸ್ನಾಯು ಸುಧಾರಿಸಿಕೊಳ್ಳುವುದೂ, ಹಗಲು ಕಲಿತ ಪಾಠ ಮಿದುಳಿನಲ್ಲಿ ನೆಲೆಗೊಳ್ಳುವುದೂ ನಿದ್ದೆಯಲ್ಲಿಯೇ. ಆರೇ ಗಂಟೆ ಮಲಗಿದರೆ ಆಟ, ಪಾಠ ಎರಡಕ್ಕೂ ಖೋತಾ. ಊಟದ ವಿಚಾರಿಸಿದೆ. ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥದರಲ್ಲಿ ದಿನಕ್ಕೆ ಎರಡು ಹೊತ್ತು ಓಡುವವರಿಗೆ ಬರೀ ಅನ್ನ, ತಿಳಿಸಾರು ಸಾಲದು. ಅಲ್ಲಿ ವಾರಕ್ಕೆ ನಾಲ್ಕು ದಿನ ಮೊಟ್ಟೆ, ದಿನಾ ಸೊಪ್ಪು ಇತ್ತು. ಅದನ್ನು ಮೆಚ್ಚಬೇಕು.

ಮಂಚದ ಮೇಲೆ ಮಂಡಿಗೆ ಪಟ್ಟಿ ಸುತ್ತಿಕೊಂಡು ದೊಡ್ಡ ಹುಡುಗಿಯೊಬ್ಬಳು ಕುಳಿತಿದ್ದಳು. 'ಫ್ರೀ ಇರೋದು ಟೀಮಲ್ಲಿ ಇರೋ ತನಕ ಸರ್. ಈ ವರ್ಷ ನಮ್ಮಪ್ಪ ಫೀಸ್ ಕಟ್ಟಬೇಕು' ಎಂದಳು. ನಮ್ಮ ಹುಡುಗಿ ಅವಳ ಪಕ್ಕ ಕುಳಿತು ಬಹಳ ಹೊತ್ತು ಮಾತಾಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ತಂದೆಯೂ ಮಗಳೂ ಮಾತಾಡಲಿಲ್ಲ. ನಾನೂ ಬಾಯಿ ಹಾಕಲಿಲ್ಲ. ಮನೆ ಮುಟ್ಟಿದ ಮೇಲೆ ಅವಳೇ, 'ಅಲ್ಲಿ ಕಾಲು ನೋಯ್ಸಿಕೊಂಡ್ರೆ ನಂಗೆ ಏನೂ ಉಳಿಯಲ್ಲ ಸರ್' ಎಂದಳು.

ಕೊನೆಗೆ ಸೇರಿದ್ದು ಮೈಸೂರಿನ ಒಂದು ಅನುದಾನಿತ ಕಾಲೇಜಿಗೆ. ದೊಡ್ಡ ಹೆಸರಿನ ತಂಡವೇನಲ್ಲ. ಆದರೆ ವಿಜ್ಞಾನ ಸಿಕ್ಕಿತು. ಅಭ್ಯಾಸ ಸಂಜೆ ಒಂದೇ ಹೊತ್ತು, ಪ್ರಾಕ್ಟಿಕಲ್ಸ್ ಮುಗಿದ ಮೇಲೆ. ಪಂದ್ಯಕ್ಕೆ ಹೋದ ದಿನದ ಪ್ರಯೋಗವನ್ನು ಇನ್ನೊಂದು ಬ್ಯಾಚಿನೊಂದಿಗೆ ಮಾಡಲು ಬಿಡುತ್ತಾರೆ. ಹಾಸ್ಟೆಲ್ ಖರ್ಚು ಮಾತ್ರ ಮನೆಯವರದೇ. ಅದಕ್ಕಾಗಿ ತಂದೆ ಎರಡು ಕುರಿ ಮಾರಿದರು. ಪುಕ್ಕಟೆ ಸೀಟನ್ನು ಬಿಟ್ಟದ್ದಕ್ಕೆ ಊರಿನಲ್ಲಿ ಕೆಲವರು ನನ್ನನ್ನು ಈಗಲೂ ಆಡಿಕೊಳ್ಳುತ್ತಾರೆ. ಕಾಮರ್ಸೇ ಬೇಕೆನ್ನುವ, ಪೊಲೀಸ್ ಅಥವಾ ರೈಲ್ವೆಯ ಕ್ರೀಡಾ ಕೋಟಾದ ಮೇಲೆ ಕಣ್ಣಿಟ್ಟಿರುವ ಮಗುವಿಗೆ ಆ ಕಾಲೇಜೇ ಸರಿ ಎಂದು ನಾನೂ ಹೇಳುತ್ತಿದ್ದೆ.

ಆ ನವೆಂಬರಿನಲ್ಲಿ ಅವಳ ಪಾದದ ಗೆಣ್ಣು ಉಳುಕಿತು. ಮೂರು ವಾರ ಮೈದಾನಕ್ಕೆ ಇಳಿಯಲಿಲ್ಲ. ಸ್ಟೂಲಿನ ಮೇಲೆ ಕುಳಿತೇ ಟೈಟ್ರೇಷನ್ ಮಾಡಿದೆನೆಂದು ಫೋನು ಮಾಡಿ ನಕ್ಕಳು. ಜಿಲ್ಲಾ ತಂಡದಲ್ಲಿ ಸ್ಥಾನ ತಪ್ಪಿದ್ದನ್ನು ಹೇಳುವಾಗ ದನಿ ಸಣ್ಣದಾಯಿತು.

ಪಿಯುಸಿ ಆದ ಮೇಲೆ ವೃತ್ತಿ ಶಿಕ್ಷಣದ ಸೀಟುಗಳಲ್ಲಿ ಕ್ರೀಡಾ ಕೋಟಾ ಇದೆಯಲ್ಲ, ಚಿಂತೆಯೇಕೆ ಎನ್ನುವವರಿದ್ದಾರೆ. ಆ ಸೀಟುಗಳು ಕೆಲವೇ ಕೆಲವು. ಎತ್ತರದ ಮಟ್ಟದಲ್ಲಿ ಆಡಿದವರಿಗೆ ಮೊದಲ ಆದ್ಯತೆ. ಎಷ್ಟು ಪದಕವಿದ್ದರೂ ಪಿಯುಸಿಯಲ್ಲಿ ಆ ವಿಷಯಗಳನ್ನು ಓದಿ ಪಾಸಾಗಿರಲೇಬೇಕು. ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನೂ ಹಾಜರುಪಡಿಸಬೇಕು. ಇವಳವು ಎಲ್ಲಿವೆ ಎಂದು ಕೇಳಿದ್ದಕ್ಕೆ ಅವಳ ತಂದೆ ಅಟ್ಟದಿಂದ ರಾಗಿ ಡಬ್ಬ ಇಳಿಸಿದರು. ಕಾಗದಗಳೇನೋ ಎಲ್ಲ ಇದ್ದವು, ಒಂದರ ಮೂಲೆಯನ್ನು ಆಗಲೇ ಇಲಿ ಕಡಿದಿತ್ತು. ಮಾರನೆಯ ದಿನ ಸಂತೆಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಕೊಂಡು ಕೊಟ್ಟು ಬಂದೆ.