ಸಕ್ಕರೆಯ ಸುಳಿವು ಹಿಡಿಯುವ ಜೆಲ್

ಚೈನಾಗ್ರಾಸ್ ಹಾಕಿ ಕಾಯಿಸಿದ ಹಾಲನ್ನು ಉಮ್ಮ ಬಟ್ಟಲಿಗೆ ಸುರಿದರೆ, ಅದು ಗಟ್ಟಿಯಾಗುವುದನ್ನು ಕಾಯುವುದೇ ಬಾಲ್ಯದಲ್ಲಿ ನಮ್ಮ ಕೆಲಸವಾಗಿತ್ತು. ಮತ್ತೆ ಕುದಿಸಿದರೆ ಅದು ಪುನಃ ತೆಳ್ಳಗಾಗುತ್ತಿತ್ತು. ಇಂತಹ ವಸ್ತುವಿಗೆ ಜೆಲ್ ಎನ್ನುತ್ತಾರೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಉಮ್ಮ ಈಗಲೂ ಆ ಸಿಹಿ ಮಾಡುತ್ತಾರೆ, ತಿನ್ನುವುದಿಲ್ಲ. ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚುವ ಕೆಲಸವನ್ನು ನಾವು ಒಡಹುಟ್ಟಿದವರು ಹಂಚಿಕೊಂಡಿದ್ದೇವೆ. ಒಂದು ರಾತ್ರಿ ಚುಚ್ಚುಮದ್ದು ಕೊಟ್ಟೆವು. ಊಟವಾಯಿತೇ ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಉಮ್ಮ ಬೆವರಿನಲ್ಲಿ ತೊಯ್ದು ನಡುಗುತ್ತಿದ್ದರು, ಮಾತು ತೊದಲುತ್ತಿತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. “ಹಸಿವಿರಲಿಲ್ಲ ಮಕ್ಕಳೇ, ನಿಮಗ್ಯಾಕೆ ತೊಂದರೆ ಎಂದು ಸುಮ್ಮನಿದ್ದೆ” ಎಂದರು. ತಪ್ಪು ನಮ್ಮದೇ.

ಚುಚ್ಚಿದ ಮದ್ದಿಗೆ ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂಬ ಪರಿವೆ ಇರುವುದಿಲ್ಲ. ಪರಿವೆಯಿರುವ ಮದ್ದು ಸಾಧ್ಯವೇ? ಆ ರಾತ್ರಿಯ ನಂತರ ನಾವು ಇದನ್ನೇ ಹುಡುಕಿ ಓದತೊಡಗಿದೆವು. 1978ರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಜಪಾನಿ ವಿಜ್ಞಾನಿ ತೊಯೊಯಿಚಿ ತನಾಕಾ, ಸುತ್ತಲಿನ ಸಣ್ಣ ಬದಲಾವಣೆಗೂ ಜೆಲ್ ಒಮ್ಮೆಲೇ ಕುಗ್ಗಿಬಿಡಬಲ್ಲದೆಂದು ತೋರಿಸಿದರು. 1985ರಲ್ಲಿ ಜಾರ್ಜ್ ನ್ಯೂಕಮ್ ಮರದಂತೆ ಕವಲೊಡೆಯುವ ಅಣುಗಳನ್ನು ಕಟ್ಟಿ, ಮರ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅವುಗಳಿಗೆ ಅರ್ಬೊರಾಲ್ ಎಂದು ಹೆಸರಿಟ್ಟರು. ಎರಡೂ ತುದಿಯಲ್ಲಿ ಕವಲಿರುವ ಅಂತಹ ಅಣುಗಳು ನೀರಿನಲ್ಲಿ ಒಂದರ ಮೇಲೊಂದು ಪೇರಿಕೊಂಡು ಎಳೆಗಳಾಗುತ್ತವೆ, ನೀರನ್ನು ಹಿಡಿದಿಟ್ಟು ಜೆಲ್ ಆಗುತ್ತವೆ. ಬಿಸಿ ಮಾಡಿದರೆ ಕರಗುತ್ತವೆ. ನಮ್ಮ ಚೈನಾಗ್ರಾಸಿನ ನೆಂಟರೇ!

ಕವಲು ಹೆಚ್ಚಿದಷ್ಟೂ ತುದಿಗಳು ಹೆಚ್ಚು. ಪ್ರತಿ ತುದಿಗೂ ಬೇಕಾದ ಕೊಕ್ಕೆ ಸಿಕ್ಕಿಸಬಹುದು. ಬೋರಾನ್ ಇರುವ ಒಂದು ಬಗೆಯ ಕೊಕ್ಕೆಗೆ ಸಕ್ಕರೆ ಅಂಟುತ್ತದೆ. ಆಗ ಜೆಲ್ಲಿನೊಳಗೆ ವಿದ್ಯುದಂಶ ಹೆಚ್ಚಿ, ಅದು ನೀರು ಹೀರಿ ಉಬ್ಬುತ್ತದೆ, ಒಳಗಿಟ್ಟ ಇನ್ಸುಲಿನ್ ಹೊರಗೆ ಸೋರುತ್ತದೆ. ಸಕ್ಕರೆ ಇಳಿದಾಗ ಕೊಕ್ಕೆ ಬಿಟ್ಟುಹೋಗಿ ಜೆಲ್ ಕುಗ್ಗಬೇಕು, ಬಾಗಿಲು ಮುಚ್ಚಬೇಕು.

ಈ ಮುಚ್ಚುವುದೇ ಕಷ್ಟದ ಕೆಲಸ. ನಿಧಾನವಾದರೆ ನಮ್ಮ ಮನೆಯ ಆ ರಾತ್ರಿಯೇ ಮರುಕಳಿಸೀತು. ಇಂತಹ ಜೆಲ್‌ಗಳು ಪ್ರಯೋಗಾಲಯ ದಾಟಿ ಇನ್ನೂ ಔಷಧದಂಗಡಿಗೆ ಬಂದಿಲ್ಲ. ಇದನ್ನೆಲ್ಲ ಉಮ್ಮನಿಗೆ ವಿವರಿಸಿದಾಗ, “ಅದಕ್ಕೆ ಎಷ್ಟು ದುಡ್ಡಾಗುತ್ತದೆ?” ಎಂದಷ್ಟೇ ಕೇಳಿದರು.

ಈಗ ಸೂಜಿ ಹಿಡಿಯುವ ಮೊದಲು ನಾವು ಅಡುಗೆಮನೆಗೆ ಹೋಗಿ, ಉಮ್ಮನ ಊಟ ಬಡಿಸಿಟ್ಟಿದೆಯೇ ಎಂದು ನೋಡುತ್ತೇವೆ.