ಕಾಣದ ಹೊಗೆ

ಕಳೆದ ಮಳೆಗಾಲದಲ್ಲಿ ನಾಲ್ಕು ದಿನಗಳ ಮಟ್ಟಿಗೆ ಲೋಣಾವಳಾದಲ್ಲಿರುವ ನಮ್ಮ ಚಿಕ್ಕಜ್ಜನವರ ಮನೆಗೆ ಹೋಗಿದ್ದೆನು. ಮುಂಬಯಿಯಿಂದ ಹೊರಟ ರೈಲು ಘಟ್ಟವನ್ನೇರಿ ಖಂಡಾಳೆಯನ್ನು ದಾಟುವಷ್ಟರಲ್ಲಿ ಹೊರಗೆ ಮಂಜಿನ ಹೊರತು ಬೇರೇನೂ ಕಾಣಿಸದಾಯಿತು. ರಾತ್ರಿ ಚಳಿಯನ್ನು ತಾಳಲಾರದೆ ಇದ್ದಿಲಿನ ಅಗ್ಗಿಷ್ಟಿಕೆಯ ಬಳಿ ಕುಳಿತು, ಕಿಟಕಿಯ ಕದಗಳನ್ನು ಮುಚ್ಚಿದೆನು. ಚಿಕ್ಕಜ್ಜನವರು ಥಟ್ಟನೆ ಎದ್ದು ಬಂದು ಅವನ್ನು ತೆರೆದರು. “ಮಗೂ, ಹೊಗೆ ಕಾಣದಿದ್ದ ಮಾತ್ರಕ್ಕೆ ವಿಷವಿಲ್ಲವೆಂದು ತಿಳಿಯಬೇಡ” ಎಂದರು.

ಅವರು ಯೌವನದಲ್ಲಿ ಒಂದು ವಿಮಾನ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಬೆಂಗಳೂರಿನಲ್ಲಿ ನಿರ್ಮಾಣವಾಗಿ 1958ರಲ್ಲಿ ಮೊದಲು ಹಾರಿದ, 90 ಅಶ್ವಶಕ್ತಿಯ ಪುಟ್ಟ ‘ಪುಷ್ಪಕ’ ವಿಮಾನವು ಅವರಿಗೆ ಚಿರಪರಿಚಿತ.

“ಇಂಥ ತೇವದ ಗಾಳಿಯೇ ಹಳೆಯ ಎಂಜಿನ್ನುಗಳ ವೈರಿ” ಎಂದು ಅವರು ವಿವರಿಸಿದರು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಹೊರಗೆ 20 ಡಿಗ್ರಿ ಶಾಖವಿದ್ದರೂ ಒಳಗೆ ತೇವವು ಮಂಜುಗಡ್ಡೆಯಾಗಬಹುದು. ಆಗ ಎಂಜಿನ್ನು ಉಸಿರುಗಟ್ಟುತ್ತದೆ. ಇದಕ್ಕೆ ಮದ್ದು ಎಂಜಿನ್ನಿನಲ್ಲಿಯೇ ಇದೆ. ಸುಟ್ಟ ಅನಿಲವು ಹೊರಹೋಗುವ ಕೊಳವೆಯ ಸುತ್ತಲೂ ತಗಡಿನ ಹೊದಿಕೆಯಿರುತ್ತದೆ. ಚಾಲಕನು ಒಂದು ಹಿಡಿಯನ್ನೆಳೆದರೆ, ಹೊದಿಕೆಯೊಳಗೆ ಕಾದ ಗಾಳಿಯು ಕಾರ್ಬ್ಯುರೇಟರಿಗೆ ನುಗ್ಗಿ ಮಂಜುಗಡ್ಡೆಯನ್ನು ಕರಗಿಸುತ್ತದೆ. ಕರಗಿದ ನೀರು ಒಳಹೊಕ್ಕಾಗ ಎಂಜಿನ್ನು ಕ್ಷಣಕಾಲ ಕೆಮ್ಮುತ್ತದೆ. ಹೊಸಬನು ಹೆದರಿ ಹಿಡಿಯನ್ನು ಹಿಂದಕ್ಕೆ ತಳ್ಳುವನು. ಅನುಭವಿಯು ತಾಳ್ಮೆಯಿಂದ ಕಾಯುವನು.

ಅನೇಕ ಹಳೆಯ ವಿಮಾನಗಳಲ್ಲಿ ಚಾಲಕನ ಕೋಣೆಯನ್ನು ಬೆಚ್ಚಗಿಡುವುದೂ ಇಂಥದೇ ಹೊದಿಕೆಯ ಗಾಳಿ. ಆದರೆ ಒಳಗಿನ ಕೊಳವೆ ಬಿರಿದರೆ ಬಿಸಿಗಾಳಿಯೊಡನೆ ಕಾರ್ಬನ್ ಮಾನಾಕ್ಸೈಡ್ ಬೆರೆಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಆಮ್ಲಜನಕವನ್ನು ಬಿಟ್ಟು ಅದನ್ನೇ ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಬಳಿಕ ಮಂಪರು, ಕೊನೆಗೆ ಸಾವು. ಗಾಳಿಯಾಡದ ಕೋಣೆಯಲ್ಲಿ ಉರಿಯುವ ಇದ್ದಿಲೂ ಅದೇ ವಿಷವನ್ನು ಉಗುಳುತ್ತದೆ.

ಚಿಕ್ಕಜ್ಜನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಒಂದು ಸಂಜೆ ಮನೆಗೆ ಹೋಗುವ ಅವಸರ. ಹೊದಿಕೆಯನ್ನು ಬಿಚ್ಚಿ ನೋಡದೆಯೇ, ಸರಿಯಾಗಿದೆಯೆಂದು ಸಹಿ ಹಾಕಿದೆ. ಮರುದಿನ ಹಾರಿ ಇಳಿದ ಹುಡುಗ ತಲೆ ಹಿಡಿದುಕೊಂಡು ರೆಕ್ಕೆಯ ಕೆಳಗೆ ಕುಸಿದು ಕುಳಿತ. ಆಮೇಲೆ ಬಿಚ್ಚಿದೆ, ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳು. ಹುಡುಗ ಚೇತರಿಸಿಕೊಂಡ. ಆ ಸಹಿಯನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ.”

ಲೆಕ್ಕವನ್ನು ತಾಳೆ ನೋಡದೆ ಉತ್ತರಪತ್ರಿಕೆಯನ್ನು ಒಪ್ಪಿಸಿಬಿಡುವ ನನ್ನ ಅಭ್ಯಾಸವು ಆಗ ನೆನಪಾಗಿ ನಾಚಿಕೆಯಾಯಿತು.

ಮಲಗುವ ಮುನ್ನ ಅವರು ಅಗ್ಗಿಷ್ಟಿಕೆಯನ್ನು ಜಗುಲಿಗೆ ಒಯ್ದಿಟ್ಟರು. ನಾನು ಕಂಬಳಿಯನ್ನು ಹೊದ್ದು ಮಲಗಿದೆನು. ಮಳೆಯ ಹನಿಗಳು ಒಳಕ್ಕೆ ಸಿಡಿಯುತ್ತಿದ್ದವು. ಆದರೂ ಕಿಟಕಿಯನ್ನು ಮುಚ್ಚಲಿಲ್ಲ.